ತಾನಾಗಿ ಬಿಡುವ ಬೆರಳು

ವಾಸನೆ ಮೂಗಿಗೆ ಬಡಿದ ಮೇಲೆಯೇ ಮಹಾನಂದಾಳಿಗೆ ತನ್ನ ಬೆರಳು ಸುಡುತ್ತಿದೆಯೆಂದು ಗೊತ್ತಾದದ್ದು. ರೊಟ್ಟಿ ತಿರುವಿ ಹಾಕಲು ಹೋದ ಬಲಗೈಯ ನಡುಬೆರಳು ಹಂಚಿನ ಅಂಚಿಗೆ ಆನಿಕೊಂಡು ಎಷ್ಟು ಹೊತ್ತಾಗಿತ್ತೋ. ಅವಳು ಹಿತ್ತಲ ಬಾಗಿಲಾಚೆ ನೋಡುತ್ತ ಕೂತಿದ್ದಳು. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಕಡೆಯಿಂದ ಬಂದ ಬಿಳಿ ದೂಳು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. ಕೈ ಎಳೆದುಕೊಂಡು ನೋಡಿದಳು. ಬೆರಳ ತುದಿಯ ಚರ್ಮ ಬೆಳ್ಳಗಾಗಿ ಮೇಲೆದ್ದಿತ್ತು. ನೋವು ಈಗ ಬರಬಹುದು, ಇನ್ನೊಂದು ಗಳಿಗೆಗೆ ಬರಬಹುದು ಎಂದು ಕಾದಳು. ಬರಲಿಲ್ಲ. ಯಾರದೋ ಬೆರಳನ್ನು ತೊಳೆಯುವಂತೆ ಅದನ್ನು ತಂಬಿಗೆಯ ನೀರಿನಲ್ಲಿ ಅದ್ದಿದಳು.

“ಏನ್ ಸುಡಾಕತ್ತೈತಿ ಒಳಗ?” ಪಡಸಾಲೆಯ ಕುಣಿಮಗ್ಗದಲ್ಲಿ ಕೂತಿದ್ದ ಅವ್ವ, ಚಂದ್ರವ್ವ, ಲಾಳಿ ನಿಲ್ಲಿಸದೆಯೇ ಕೇಳಿದಳು.

“ರೊಟ್ಟಿ ಹೊತ್ತಿತಬೇ.”

“ಲಕ್ಷ್ಯ ಎಲ್ಲಿರತೈತಿ ನಿಂದು? ಇವತ್ತಂತೂ ಬಿಡು, ನಿನಗ ರೊಟ್ಟಿನೂ ಕಾಣಂಗಿಲ್ಲ, ಅವ್ವನೂ ಕಾಣಂಗಿಲ್ಲ.”

ಇವತ್ತು ಬಾಗಲಕೋಟೆಯಲ್ಲಿ ಆಯ್ಕೆ. ಬಿಲ್ಲುಗಾರಿಕೆಯ ರಾಜ್ಯ ಶಿಬಿರಕ್ಕೆ ಜಿಲ್ಲೆಯಿಂದ ಒಬ್ಬಳೇ ಹುಡುಗಿ ಹೋಗಬೇಕು. ಅದು ಮಹಾನಂದಾಳೇ ಎಂದು ಎಲ್ಲರೂ ತಿಳಿದಿದ್ದರು. ಅವಳೂ ತಿಳಿದಿದ್ದಳು, ಆದರೆ ನಾಳೆ ಸೋಮವಾರ ಎಂದು ತಿಳಿದಿರುವ ಹಾಗೆ. ಬಿಲ್ಲಿನ ಚೀಲ ಬೆನ್ನಿಗೇರಿಸಿ ಪಡಸಾಲೆ ದಾಟುವಾಗ ಅವ್ವ ತಲೆ ಎತ್ತಿ ನೋಡಿ, ಮತ್ತೆ ಲಾಳಿಯ ಕಡೆ ಬಗ್ಗಿದಳು. ಅವರಿಬ್ಬರ ನಡುವೆ ಈ ಬಿಗುವು ಬಂದದ್ದು ಹಿಂದಿನ ತಿಂಗಳು. ಚಂದ್ರವ್ವನ ಕಣ್ಣು ಈಚೆಗೆ ಸೋತಿದ್ದವು. ಸೀರೆಯ ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಿ ಕೂಡಿಸುವಾಗ ಮಗಳನ್ನು ಕರೆದಿದ್ದಳು. ಸಣ್ಣವಳಿದ್ದಾಗಿನಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿದರೂ ಬರುತ್ತಿತ್ತು. ಆ ದಿನ ಮಾತ್ರ ನೂಲು ಬೆರಳ ನಡುವೆ ಇದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಹೊಸೆದಳು, ನೋಡಿದರೆ ಬರಿಯ ಬೆರಳನ್ನೇ ಹೊಸೆಯುತ್ತಿದ್ದಳು. ನೂಲು ಎಂದೋ ಜಾರಿ ಮಡಿಲಲ್ಲಿ ಬಿದ್ದಿತ್ತು. ಎದುರುಮನೆಯ ಇಂದ್ರವ್ವ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. “ನೋಡವಾ ಇಂದ್ರವ್ವ, ಬಿಲ್ಲು ಹಿಡದ ಕೈಗೆ ನೂಲಂದ್ರ ಅಸಡ್ಡಿ ಬಂದೈತಿ” ಎಂದಳು ಚಂದ್ರವ್ವ. ನಗುತ್ತಲೇ ಅಂದಿದ್ದಳು, ಆದರೆ ಮುಖ ಸಣ್ಣದಾಗಿತ್ತು. “ಹೌದು, ನನಗ ಬ್ಯಾಸರ” ಎಂದು ಮಹಾನಂದಾ ಎದ್ದು ಹೋದಳು. ಬೆರಳಿಗೆ ಜೀವವಿಲ್ಲ ಎನ್ನುವುದಕ್ಕಿಂತ ಸೊಕ್ಕು ಬಂದಿದೆ ಎನ್ನಿಸಿಕೊಳ್ಳುವುದು ಹಗುರವಾಗಿತ್ತು. ಅವ್ವ ಆಮೇಲೆ ಕರೆಯಲಿಲ್ಲ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ತಾನೇ ಕೂಡಿಸುತ್ತಿದ್ದಳು.

ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೆಟ್ಟು ಬೆರಳಿನಿಂದ ಜಾರಿ ಕಿಟಕಿಯಾಚೆ ಹಾರಿಹೋಯಿತು. “ಏನವಾ, ಟಿಕೇಟ ಹಿಡಿಯಾಕ ಬರಂಗಿಲ್ಲ, ಬೆನ್ನಮ್ಯಾಲ ಇಷ್ಟುದ್ದ ಹೊತಗೊಂಡಿ. ಏನದು, ತಂಬೂರಿ ಏನು?” ಎಂದ. ಹಿಂದಿನ ಸೀಟಿನವರು ನಕ್ಕರು. ಬಿಲ್ಲು ಎಂದು ಹೇಳಿದರೆ ಇನ್ನೂ ನಗುತ್ತಾರೆ ಎಂದು ಅವಳು ಹೌದೆಂದು ತಲೆಯಾಡಿಸಿದಳು. ಆತ ಗೊಣಗುತ್ತ ಮುಂದೆ ಹೋದ. ಅವಳು ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಂಡಿ ನೋಡಿದಳು: ತೋರುಬೆರಳು, ನಡುಬೆರಳು, ಉಂಗುರಬೆರಳು. ಹೆದೆ ಎಳೆಯುವ ಮೂರು ಬೆರಳು. ಒಳಗೆ ಎಲ್ಲೋ ಆಳದಲ್ಲಿ, ಬಾವಿಯ ತಳದಲ್ಲಿ ಕಲ್ಲು ಬಿದ್ದ ಹಾಗೆ, ಏನೋ ಇತ್ತು. ಮೇಲೆ ಏನೂ ಇರಲಿಲ್ಲ. ದಸರೆಗೆ ಮೊದಲು ಬೆರಳು ತೋರಿಸಲು ಹೋಗಿದ್ದಾಗ ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರಮ್ಮ ಅವಳ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸೂಜಿ ಚುಚ್ಚಿ, ಯಾವ ಬೆರಳು ಎಂದು ಕೇಳಿದ್ದರು. ಮಹಾನಂದಾ ಊಹಿಸಿ ಹೇಳಿದ್ದಳು. ಪರೀಕ್ಷೆಯಲ್ಲಿ ಉತ್ತರ ಬರದಿದ್ದಾಗ ಏನೋ ಒಂದು ಬರೆಯುವಂತೆ ತೋರು ಎಂದಳು, ನಡು ಎಂದಳು. “ನಾ ಇನ್ನೂ ಚುಚ್ಚೇ ಇಲ್ಲವಾ” ಎಂದರು ಡಾಕ್ಟರಮ್ಮ. ಆಮೇಲೆ, “ಸ್ಟ್ರಿಂಗ್ ಒತ್ತಿ ಒತ್ತಿ ನರ ಹಾಳಾಗೇತಿ. ಬಿಲ್ಲು ಬಿಡು. ಈಗ ಬಿಟ್ರ ತಿರುಗಿ ಬರಬಹುದು, ಇಲ್ಲಾಂದ್ರ ಇಷ್ಟ” ಎಂದರು. ಹೊರಗೆ ಬಂದು ಅವಳು ಎಳನೀರು ಕುಡಿದಳು, ಅಲ್ಲಿಂದ ನೇರ ಹುನಗುಂದದ ಅಭ್ಯಾಸದ ಮೈದಾನಕ್ಕೆ ಹೋಗಿ ಕತ್ತಲಾಗುವ ತನಕ ಹೊಡೆದಳು. ಎಲ್ಲ ಬಾಣಗಳೂ ಗುರಿಹಲಗೆಯ ನಡುವಿನ ಹಳದಿಯಲ್ಲಿ ಕೂತವು.

ಯಾಕೆಂದರೆ ಬೆರಳು ಸತ್ತದ್ದೂ ಕೈ ಪಳಗಿದ್ದೂ ಒಟ್ಟಿಗೇ ಬಂದಿದ್ದವು. ಅದಕ್ಕಿಂತ ಮೊದಲು ಎರಡು ವರ್ಷ ಅವಳ ರಿಲೀಸು, ಬಾಣ ಬಿಡುವ ರೀತಿ, ಸರಿಯಿರಲಿಲ್ಲ. ಬಾಣವನ್ನು ನಾವು ಬಿಡಬಾರದು, ಅದು ಬಿಟ್ಟುಹೋಗಬೇಕು ಎನ್ನುತ್ತಿದ್ದರು ಕೋಚ್ ಬಸವಂತ ಸರ್. ಎಳೆತವೆಲ್ಲ ಬೆನ್ನಿನದು, ಬೆರಳು ಬರಿಯ ಕೊಕ್ಕೆ. ಬಾಣ ಪೂರ್ತಿ ಹಿಂದೆ ಬಂದಾಗ ಬಿಲ್ಲಿನ ಮೇಲಿನ ಸಣ್ಣ ಪಟ್ಟಿ, ಕ್ಲಿಕ್ಕರ್, ಟಕ್ ಎನ್ನುತ್ತದೆ. ಆಗ ಬೆರಳು ಸಡಿಲವಾದರೆ ಸಾಕು, ಹೆದೆ ತಾನೇ ಅವನ್ನು ತಳ್ಳಿಕೊಂಡು ಹೋಗುತ್ತದೆ. ಮಹಾನಂದಾಳ ಬೆರಳುಗಳಿಗೆ ಮಾತ್ರ ಆ ಟಕ್ ಎಂಬ ಸದ್ದು ಎಂದರೆ ಯಾರೋ ಬಾಗಿಲು ಬಡಿದ ಹಾಗೆ. ಬೆಚ್ಚಿ ಪಕ್ಕಕ್ಕೆ ಹಾರುತ್ತಿದ್ದವು, ಬಾಣ ಎಡಕ್ಕೆ ಹೋಗುತ್ತಿತ್ತು. “ಬೆರಳ ತೆರೀಬ್ಯಾಡ, ಬೆರಳ ಮರತಬಿಡು!” ಎಂದು ಸರ್ ಎಲ್ಲರೆದುರು ಕೂಗುತ್ತಿದ್ದರು. ಆಗ ಅವಳ ಬೆನ್ನ ಹಿಂದೆ ನಿಂತು, ರೆಕ್ಕೆಮೂಳೆಯ ಮೇಲೆ ಅಂಗೈ ಇಟ್ಟು, “ಇಲ್ಲಿಂದ ಎಳಿ ನಂದಾ. ಬೆರಳ ಅನ್ನೂದು ನಿನಗ ಇಲ್ಲಂತ ತಿಳಕೋ” ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದವಳು ಅಫ್ಸಾನಾ. ಹುನಗುಂದದ ಗಾದಿ ಅಂಗಡಿ ಮಲೀಕಸಾಬನ ಮಗಳು. ಬೆರಳಿಗೆ ಹಾಕುವ ಚರ್ಮದ ಟ್ಯಾಬು ತನ್ನ ಹಳೆಯದನ್ನು ಕೊಟ್ಟವಳೂ ಅವಳೇ. ಅವಳ ರಿಲೀಸು ಆಗ ಎಂಥದಿತ್ತೆಂದರೆ, ಬಾಣ ಹೋದ ಮೇಲೆ ನೋಡುವವರಿಗೆ ಓ, ಬಿಟ್ಟಳಲ್ಲ ಎಂದು ತಿಳಿಯುತ್ತಿತ್ತು.

ಈಗ ಆ ರಿಲೀಸು ಅಫ್ಸಾನಾಳನ್ನು ಬಿಟ್ಟು ಹೋಗಿತ್ತು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಪೂರ್ತಿ ಎಳೆದು ನಿಂತವಳು ಬಿಡಲಾರದೆ ನಡುಗುತ್ತಿದ್ದಳು. ಇಲ್ಲವೆ ಟಕ್ ಎನ್ನುವ ಮೊದಲೇ ಬಿಟ್ಟುಬಿಡುತ್ತಿದ್ದಳು. ಸರ್ ಈಗ ಅವಳಿಗೆ ಕೂಗುತ್ತಿದ್ದರು. ದಸರೆಯ ಸುಮಾರಿಗೆ ಒಂದು ಸಂಜೆ, ಮೈದಾನದ ನಳದ ಹತ್ತಿರ ಮುಖ ತೊಳೆಯುತ್ತ ತೊಳೆಯುತ್ತ ಅಫ್ಸಾನಾ ಕೇಳಿದ್ದಳು, “ನೀ ಏನ ಮಾಡಿದಿ ಹೇಳ ನಂದಾ. ಏನರೆ ಮಾಡೀದಿ ನೀ.” ನೀರು ಹರಿಯುತ್ತಿತ್ತು. ಮಹಾನಂದಾ ನಳ ಬಂದ್ ಮಾಡುತ್ತ ಹೇಳಿದಳು, “ಟ್ಯಾಬ್ ತಗದು ಹೊಡಿ. ಮೊದಲ ನೋಯತೈತಿ, ರಕ್ತ ಬರತೈತಿ. ಆಮ್ಯಾಲ ಬೆರಳಿಗೆ ಏನೂ ತಿಳಿಯಂಗಿಲ್ಲ. ಆಗ ತಾನ ಬಿಡತೈತಿ.” ಅದು ಸುಳ್ಳಾಗಿರಲಿಲ್ಲ. ಅಫ್ಸಾನಾ ಕೊಟ್ಟ ಆ ಹಳೆಯ ಟ್ಯಾಬು ಸವೆದು ತೂತು ಬಿದ್ದ ಮೇಲೂ ಇಡೀ ಬೇಸಿಗೆ ಅದರಲ್ಲೇ ಹೊಡೆದು ಅವಳಿಗೆ ಆದದ್ದು ಹಾಗೆಯೇ. ದವಾಖಾನೆಯ ಮಾತೊಂದನ್ನು ಮಾತ್ರ ಹೇಳಲಿಲ್ಲ. ಹೇಳಬೇಕೆಂದುಕೊಂಡು ಬಿಟ್ಟದ್ದೂ ಅಲ್ಲ. ಮಾತು ಅಷ್ಟಕ್ಕೇ ನಿಂತಿತು, ಅಫ್ಸಾನಾ ಓಡಿಹೋಗಿ ಸೈಕಲ್ಲು ತೆಗೆದಳು.

ಹುನಗುಂದದಲ್ಲಿ ಅಫ್ಸಾನಾ ಬಸ್ಸು ಹತ್ತಿ ಪಕ್ಕದಲ್ಲಿ ಕೂತಳು. ಬಲಗೈಯನ್ನು ಓಢಣಿಯಲ್ಲಿ ಸುತ್ತಿಕೊಂಡಿದ್ದಳು. ಬಸ್ಸು ಊರು ಬಿಟ್ಟ ಮೇಲೆ, ಕದ್ದು ತಂದ ತಿಂಡಿ ತೋರಿಸುವ ಹಾಗೆ, ಓಢಣಿ ಸರಿಸಿ ತೋರಿಸಿದಳು. ಮೂರು ಬೆರಳೂ ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಗೆಣ್ಣಿನ ಹತ್ತಿರ ಹೆದೆಯ ಗೆರೆ ಆಳವಾಗಿ, ಒಣಗಿದ ರಕ್ತದಿಂದ ಕಪ್ಪಾಗಿ ಕೂತಿತ್ತು.

“ಇನ್ನೂ ನೋಯಾಕತ್ತಾವ ನಂದಾ. ಯಾವಾಗ ಸಾಯತಾವ ಇವು?” ಎಂದು ಅಫ್ಸಾನಾ ನಕ್ಕಳು.

ಮಹಾನಂದಾ ಆ ಬೆರಳುಗಳನ್ನು ನೋಡಿದಳು. “ಹತ್ರ ಬಂದೈತಿ” ಎಂದಳು.

ಆ ಮಾತು ಬಾಯಿಂದ ಹೊರಟದ್ದನ್ನು ಅವಳು ಕೇಳಿಸಿಕೊಂಡಳು. ಅಫ್ಸಾನಾ ಸಮಾಧಾನದಿಂದ ಕೈ ಸುತ್ತಿಕೊಂಡು ಮನೆಯ ಸುದ್ದಿ ಹೇಳತೊಡಗಿದಳು. ಊರಿನ ಸಾಲೆಯೊಂದರಲ್ಲಿ ಆಟ ಕಲಿಸುವ ಕೆಲಸವಿದೆಯಂತೆ, ಆಯ್ಕೆ ಮುಗಿಯುವ ತನಕ ತಡೆಯಿರಿ ಎಂದು ಹೇಳಿದ್ದಾಳಂತೆ. ಇವತ್ತು ಆಗದಿದ್ದರೆ ಬಿಲ್ಲನ್ನು ಅಟ್ಟಕ್ಕೆ ಹಾಕುವುದೇ. “ಅಬ್ಬಾ ಏನೂ ಅನ್ನಂಗಿಲ್ಲ. ಅದಕ ನನಗ ಭಾಳ ಸಂಕಟ.” ಅಮೀನಗಡದಲ್ಲಿ ಬಸ್ಸು ನಿಂತಿತು. ಹೇಳಬೇಕು ಎಂಬ ಮಾತು ಆಗ ಮಹಾನಂದಾಳ ಒಳಗೆ ಪೂರ್ತಿ ತಯಾರಾಗಿ ಬಂದು ಕೂತಿತ್ತು: ಡಾಕ್ಟರು ಬಿಡು ಅಂದಾರ, ನೀ ಟ್ಯಾಬ್ ಹಾಕ್ಕೋ. ಇಷ್ಟೇ. ಅಷ್ಟರಲ್ಲಿ ಕಿಟಕಿಗೆ ಕರದಂಟಿನ ಪೊಟ್ಟಣ ಹಿಡಿದು ಒಬ್ಬ ಬಂದ, ಅಫ್ಸಾನಾ ಅವನ ಜೊತೆ ಚೌಕಾಸಿಗೆ ನಿಂತಳು, ಕೊನೆಗೆ ಕೊಳ್ಳಲಿಲ್ಲ, ಬಸ್ಸು ಬಿಟ್ಟಿತು. ಮಾತು ಬಂದ ದಾರಿಯಲ್ಲೇ ಹೋಯಿತು. ಹೊರಗೆ ಎರೆಹೊಲಗಳಲ್ಲಿ ಜೋಳ ಮೊಣಕಾಲೆತ್ತರ ನಿಂತಿತ್ತು. ಅದನ್ನು ನೋಡುತ್ತ ಕೂರುವುದು ಕಷ್ಟವಾಗಲಿಲ್ಲ.

ಬಾಗಲಕೋಟೆಯ ನವನಗರದ ಮೈದಾನದಲ್ಲಿ ಗಾಳಿ ಹಿನ್ನೀರಿನ ಕಡೆಯಿಂದ ಬೀಸುತ್ತಿತ್ತು. ಸ್ಪರ್ಧೆಗೆ ಬಂದ ಉಳಿದವರೆಲ್ಲ ಸಾಲೆಯ ಸಣ್ಣ ಹುಡುಗಿಯರು. ಶುರುವಾಗುವ ಮೊದಲು ಬಸವಂತ ಸರ್ ಮಹಾನಂದಾಳನ್ನು ಮುಂದೆ ನಿಲ್ಲಿಸಿ ಬಾಣ ಹೊಡೆಸಿದರು, ಮೊಬೈಲಿನಲ್ಲಿ ಹಿಡಿದು, ನಿಧಾನ ಮಾಡಿ ಆ ಹುಡುಗಿಯರಿಗೆ ತೋರಿಸಿದರು. “ನೋಡ್ರಿ, ಬೆರಳ ನೋಡ್ರಿ. ಟಕ್ ಅಂತು, ಏನರೆ ಅಳಗ್ಯಾಡಿದ್ವೇನು? ಹೆಣದ ಬೆರಳ ಇದ್ದಂಗ ಅದಾವು! ರಬ್ಬರ್ ಎಳಿಸಿ ಎಳಿಸಿ ನಾ ಮಾಡಿಸಿದ್ದು ಇದು.” ಹುಡುಗಿಯರು ಕಿಸಕ್ಕನೆ ನಕ್ಕರು. ಮಹಾನಂದಾಳೂ ನಕ್ಕಳು. ಪರದೆಯ ಮೇಲೆ ಮೂರು ಬೆರಳು ಗದ್ದಕ್ಕೆ ಒತ್ತಿಕೊಂಡಿದ್ದವು. ಹೆದೆ ಅವನ್ನು ನಿಧಾನ ಸವರಿಕೊಂಡು ಮುಂದೆ ಹೋಯಿತು, ಬೆರಳು ಗಾಳಿಗೆ ಪರದೆ ಸರಿದಂತೆ ಸರಿದು ಕುತ್ತಿಗೆಯ ಪಕ್ಕ ಬಂದು ನಿಂತವು. ಚೆಲುವಾಗಿತ್ತು. ಇದು ತನ್ನ ಕೈ ಎಂದು ಸರ್ ಹೇಳದಿದ್ದರೆ ಗುರುತು ಸಿಗುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತು ಅಫ್ಸಾನಾ ಅದೇ ಪರದೆಯನ್ನು ಉಸಿರು ಹಿಡಿದು ನೋಡುತ್ತಿದ್ದಳು.

ಬೆಳಗಿನ ಸುತ್ತಿನಲ್ಲಿ ಮಹಾನಂದಾ ಯಾರೂ ಮುಟ್ಟಲಾರದಷ್ಟು ಮುಂದಿದ್ದಳು. ಅಫ್ಸಾನಾ ನಡುಗಿದಳು, ಎಳೆದು ಇಳಿಸಿದಳು, ಮತ್ತೆ ಎಳೆದಳು. ಅವಳ ಬಾಣಗಳು ನೀಲಿಗೆ, ಕೆಂಪಿಗೆ, ಒಮ್ಮೆ ಬೋರ್ಡಿನಾಚೆಯ ಮಣ್ಣಿಗೂ ಹೋದವು. ಆದರೂ ಸಣ್ಣ ಹುಡುಗಿಯರಿಗಿಂತ ಮೇಲೆಯೇ ಇದ್ದದ್ದರಿಂದ ಎರಡನೆಯವಳಾಗಿದ್ದಳು. ನಿಯಮದ ಪ್ರಕಾರ ಮೊದಲ ಇಬ್ಬರು ಊಟದ ಮೇಲೆ ಎದುರುಬದುರು ಹೊಡೆಯಬೇಕು, ಗೆದ್ದವಳು ಶಿಬಿರಕ್ಕೆ. ಬೆಳಗಿನ ಅಂಕಗಳು ಅಲ್ಲಿಗೆ ಬರುವುದಿಲ್ಲ. ಇದೆಲ್ಲ ಶಾಸ್ತ್ರಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಬೆಳಗಿನ ಕೊನೆಯ ಬಾಣಗಳಲ್ಲಿ ಅದು ನಡೆಯಿತು. ಪಕ್ಕದಲ್ಲಿ ಟಕ್ ಎಂದದ್ದು ಕೇಳಿಸಿತು, ಆಮೇಲೆ ಬಿಲ್ಲಿನ ಸದ್ದೇ ಬೇರೆ ಥರ ಬಂತು, ತುಂಬಿದ ಕೊಡದ ಸದ್ದಿನ ಹಾಗೆ. ಮಹಾನಂದಾ ನೋಡದೆಯೇ ತಿಳಿದಳು. ಮುಂದಿನದೂ ಹಾಗೆಯೇ ಹೋಯಿತು. ಕೊನೆಯದು ಎಷ್ಟು ಮೆತ್ತಗೆ ಹೊರಟಿತೆಂದರೆ, ದೂರದ ಹಳದಿಯ ನಟ್ಟನಡುವೆ ಅದು ಕೂತ ಮೇಲೂ ಅಫ್ಸಾನಾಳ ಬೆರಳು ಕತ್ತಿನ ಹತ್ತಿರ ಮಲಗಿದಂತೆ ಇತ್ತು. ಬಸವಂತ ಸರ್ ಕುರ್ಚಿಯಿಂದ ಎದ್ದು ನಿಂತರು. ಅಫ್ಸಾನಾ ತಿರುಗಿ, ಮುಖವೆಲ್ಲ ಬೆಳಕಾಗಿ, ಮಗುವಿನಂತೆ ಕೂಗಿದಳು: “ನಂದಾ! ನನಗ ಏನೂ ತಿಳೀಲಿಲ್ಲ!”

ಊಟಕ್ಕೆ ಇಬ್ಬರೂ ಬೇವಿನ ಮರದ ಕೆಳಗೆ ಕೂತರು. ಅಫ್ಸಾನಾ ಒಂದೇ ಸಮನೆ ಮಾತಾಡುತ್ತಿದ್ದಳು. ಎಡಗೈಯಲ್ಲಿ ತುತ್ತು ಮಾಡಿ ಮಹಾನಂದಾಳ ಬಾಯಿಗೂ ಇಟ್ಟಳು. ಮಹಾನಂದಾ ಅವಳ ಬಲಗೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ನಡುಬೆರಳ ತುದಿಗೆ ಉಗುರಿನಿಂದ ಒತ್ತಿದಳು.

“ನೋಯತೈತೇನು?”

“ಇಲ್ಲ.”

ಇನ್ನೂ ಗಟ್ಟಿಯಾಗಿ ಒತ್ತಿದಳು. ಉಗುರು ಚರ್ಮದೊಳಗೆ ಇಳಿಯಿತು.

“ಇಲ್ಲಂದ್ರ ಇಲ್ಲವಾ!” ಅಫ್ಸಾನಾ ಖುಷಿಯಿಂದ ನಕ್ಕಳು. “ಎಲ್ಲಾ ಸತ್ತಾವ.”

“ಅಫ್ಸಾನಾ, ನರ ಹೋಗಿರತೈತಿ ಅದು. ನಂದೂ ಹೋಗೇತಿ. ದವಾಖಾನಿಗೆ ಹೋಗಿದ್ದೆ. ಬಿಲ್ಲು ಬಿಡು ಅಂದಾರ, ಇಲ್ಲಾಂದ್ರ ತಿರುಗಿ ಬರಂಗಿಲ್ಲಂತ. ನಿಂದು ಇವತ್ತ ಹೋಗೇತಿ, ಟ್ಯಾಬ್ ಹಾಕ್ಕೊಂಡ್ರ ಉಳದೀತು.”

ಅಫ್ಸಾನಾ ನಗು ಮುಖದಲ್ಲಿಟ್ಟುಕೊಂಡೇ ಕೇಳಿದಳು, “ಯಾವಾಗ ಹೋಗಿದ್ದಿ ದವಾಖಾನಿಗೆ?”

“ದಸರಾಕಿಂತ ಮೊದಲ.”

“ನನಗ ನಳದ ಹತ್ರ ಹೇಳಿದ್ದು?”

“ಆಮ್ಯಾಲ.”

ಅಫ್ಸಾನಾ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಬೆರಳುಗಳನ್ನು ಮುಖದ ಹತ್ತಿರ ಹಿಡಿದು ಒಂದೊಂದಾಗಿ ಮಡಚಿ ತೆರೆದಳು. ಡಬ್ಬಿ ಮುಚ್ಚಿದಳು, ಮುಚ್ಚಳ ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಮುಚ್ಚಿದಳು. ಮೈದಾನದಾಚೆ ಮೈಕಿನಲ್ಲಿ ಅವರಿಬ್ಬರ ಹೆಸರನ್ನೂ ಕರೆದರು.

ಗೆರೆಯ ಮೇಲೆ ನಿಂತಾಗ ಅಫ್ಸಾನಾಳ ಬೆರಳಿಗೆ ಟ್ಯಾಬು ಇತ್ತು. ಅವಳು ಅದನ್ನು ಹೊಸದಾಗಿ ನೋಡುವವಳಂತೆ ನೋಡಿ, ಸರಿಪಡಿಸಿಕೊಂಡು, ಎಳೆದಳು. ಎಳೆದು ನಿಂತಳು. ಈಗ ಅವಳು ಬೆರಳಿನ ವಿಷಯ ಬಿಟ್ಟು ಬೇರೆ ಏನನ್ನೂ ಯೋಚಿಸುತ್ತಿಲ್ಲ ಎಂದು ಪಕ್ಕದಲ್ಲಿದ್ದ ಮಹಾನಂದಾಳಿಗೆ ಸ್ಪಷ್ಟ ಕಾಣುತ್ತಿತ್ತು. ಬಾಣ ಎಡಕ್ಕೆ ಹೋಯಿತು. ಮುಂದಿನದೂ ಎಡಕ್ಕೆ. ಮಹಾನಂದಾ ಎಳೆದಳು, ಬೆನ್ನು ತನ್ನ ಕೆಲಸ ಮಾಡಿತು, ಟಕ್ ಎಂದಿತು, ಬಾಣ ಹೊರಟುಹೋಯಿತು. ಹತ್ತು ಎಂದರು. ಮತ್ತೆ ಹತ್ತು. ಆಟ ಬೇಗ ಮುಗಿಯಿತು. ಸಣ್ಣ ಹುಡುಗಿಯರು ಚಪ್ಪಾಳೆ ತಟ್ಟಿದರು. ಬಸವಂತ ಸರ್ ಅವಳ ತಲೆಯ ಮೇಲೆ ಕೈಯಿಟ್ಟರು, ಆಮೇಲೆ ಅಫ್ಸಾನಾಳ ಕಡೆ ತಿರುಗಿ ರೇಗಿದರು.

“ಟ್ಯಾಬ್ ಯಾಕ ಹಾಕ್ಕೊಂಡಿ? ಬೆಳಿಗ್ಗೆ ಅದು ಇಲ್ಲದ ಛಲೋ ಬಿಡತಿದ್ದಿಯಲ್ಲ! ಬುದ್ಧಿ ಎಲ್ಲಿಟ್ಟಿದ್ದಿ?”

ಮಹಾನಂದಾ ಕಾದಳು. ಈಗ ಅವಳು ಹೇಳುತ್ತಾಳೆ, ಎಲ್ಲರೆದುರು ಹೇಳಿಬಿಡುತ್ತಾಳೆ, ಹೇಳಿದರೆ ಒಳ್ಳೆಯದು.

“ಹಂಗ ಹಾಕ್ಕೊಂಡೆ ಸರ್” ಎಂದಳು ಅಫ್ಸಾನಾ.

ವಾಪಸು ಬಸ್ಸಿನಲ್ಲಿ ಬೇರೆ ಸೀಟುಗಳು ಖಾಲಿಯಿದ್ದರೂ ಅಫ್ಸಾನಾ ಪಕ್ಕದಲ್ಲೇ ಕೂತಳು. ಸಿಟ್ಟು ಮಾಡಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಮುಂದಿನ ಸೀಟಿನ ಮುದುಕಿಯೊಬ್ಬಳು ತನ್ನ ಸೊಸೆಯ ಬಗ್ಗೆ ಅಪರಿಚಿತಳೊಬ್ಬಳಿಗೆ ವಿವರವಾಗಿ ಹೇಳುತ್ತಿದ್ದಳು, ಇಬ್ಬರೂ ಅದನ್ನೇ ಕೇಳುತ್ತ ಬಂದರು. ಹುನಗುಂದದ ಮೊದಲ ಮನೆಗಳು ಕಂಡಾಗ ಅಫ್ಸಾನಾ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಮುಂದೆ ನೋಡುತ್ತಲೇ ಕೇಳಿದಳು:

“ಒಂದ ಮಾತ ಕೇಳತೇನಿ ನಂದಾ. ಬೆಳಿಗ್ಗೆ ಹೋಗೂವಾಗ ಇಲ್ಲೇ ಬಾಜೂಕ ಕುಂತಿದ್ದಿ. ನನ್ನ ಬೆರಳ ನೋಡಿದಿ. ಆಗ ಹೇಳಲಿಲ್ಲ. ಊಟದ ಹೊತ್ತಿಗೆ ಯಾಕ ಹೇಳಿದಿ?”

“ನಿನ್ನ ಬೆರಳ ಉಳೀಲಿ ಅಂತ.”

“ಖರೇನ?”

ಮಹಾನಂದಾ ಹುಡುಕಿದಳು. ಬೇವಿನ ಮರದ ಕೆಳಗೆ ಆ ಬೆರಳಿಗೆ ಉಗುರು ಊರಿದಾಗ ತನ್ನೊಳಗೆ ಏನಿತ್ತು? ಮರುಕ ಇದ್ದೀತು. ಆ ಕೊನೆಯ ಬಾಣದ ಸದ್ದು ಕೇಳಿದಾಗ ಬೆನ್ನಿನಲ್ಲಿ ಏನೋ ತಣ್ಣಗೆ ಹರಿದದ್ದೂ ಇತ್ತು. ಅದು ಭಯವೋ, ಹೊಟ್ಟೆಕಿಚ್ಚೋ, ಬರಿಯ ಗಾಳಿಯೋ. ಅಫ್ಸಾನಾ ಕೆಟ್ಟದಾಗಿಯೇ ಹೊಡೆಯುತ್ತ ಹೋಗಿದ್ದರೆ ತಾನು ಇವತ್ತು ಬಾಯಿ ತೆರೆಯುತ್ತಿದ್ದೆನೇ? ಒಂದೊಂದನ್ನೂ ಹಿಡಿಯಲು ಹೋದಳು, ಯಾವುದೂ ಕೈಗೆ ಹತ್ತಲಿಲ್ಲ.

“ಗೊತ್ತಿಲ್ಲ” ಎಂದಳು. “ಖರೇನ ಗೊತ್ತಿಲ್ಲ.”

ಅಫ್ಸಾನಾ ಅದನ್ನು ಕೇಳಿ ತಲೆಯಾಡಿಸಿದಳು. ಬಸ್ಸು ನಿಂತಾಗ ಇಳಿದಳು. ಚಾಲಕ ಚಹಾಕ್ಕೆ ಹೋದ. ಕಂಡಕ್ಟರ್ ಬಾಗಿಲಲ್ಲಿ ನಿಂತು ಇಳಕಲ್, ಇಳಕಲ್ ಎಂದು ಕೂಗುತ್ತಿದ್ದ. ಅಫ್ಸಾನಾ ಹೋಗಿರಲಿಲ್ಲ. ಕಿಟಕಿಯ ಕೆಳಗೆ ನಿಂತು ಬಿಲ್ಲಿನ ಚೀಲದ ಪಟ್ಟಿಯನ್ನು ಬಲಗೈಯಲ್ಲಿ ಹಿಡಿಯಲು ನೋಡಿದಳು, ಆಗಲಿಲ್ಲ, ಎಡಹೆಗಲಿಗೆ ಬದಲಾಯಿಸಿಕೊಂಡಳು. ಮಹಾನಂದಾ ಸರಳುಗಳಿಗೆ ಮುಖ ಹತ್ತಿಸಿ ಕೂತಿದ್ದಳು. ಕೂಗಿ ಕರೆಯುವಷ್ಟು ದೂರವೂ ಇರಲಿಲ್ಲ ಅವಳು, ಬರಿಯ ಕೈ ಚಾಚಿದರೆ ಸಿಗುವಷ್ಟು.

ಅಫ್ಸಾನಾ ತಲೆ ಎತ್ತದೆ ಕೇಳಿದಳು, “ಬೆಳಿಗ್ಗೆ ನನ್ನ ಕೊನೀ ಬಾಣ ನೋಡಿದಿಲ್ಲೋ ನೀ?”

“ನೋಡಿದೆ.”

“ಛಲೋ ಹೋತಲ್ಲ?”

“ಭಾಳ ಛಲೋ ಹೋತು” ಎಂದಳು ಮಹಾನಂದಾ. “ಅಂಥಾದು ನಾ ಒಂದೂ ಬಿಟ್ಟಿಲ್ಲ.”

ಅಫ್ಸಾನಾ ಆಗ ಮೇಲೆ ನೋಡಿದಳು, ಆ ಮಾತಾದರೂ ನಿಜವೇ ಎಂದು ಅವಳ ಮುಖದಲ್ಲಿ ಓದುವವಳಂತೆ. ಏನು ಕಂಡಿತೋ. ಚಾಲಕ ಬಂದು ಕೂತ, ಬಸ್ಸು ಅದುರಿತು. ಅಫ್ಸಾನಾ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟು, ಬಸ್ಸು ಸ್ಟ್ಯಾಂಡು ದಾಟುವ ತನಕ ಅಲ್ಲೇ ನಿಂತಿದ್ದಳು.